ಪುಟಕ್ಕೆ ಹನ್ನೊಂದು ಸಾಲು

ಒಂಬತ್ತನೆಯ ವಯಸ್ಸಿನಿಂದ ಹದಿನೇಳರ ತನಕ ನಾನು ಒಟ್ಟು ನೂರ ಹದಿನಾಲ್ಕು ಸುಳ್ಳು ಪತ್ರಗಳನ್ನು ಬರೆದಿದ್ದೇನೆ. ಇದು ಅಂದಾಜಿನ ಸಂಖ್ಯೆಯಲ್ಲ. ಪ್ರತಿಯೊಂದಕ್ಕೂ ತಾರೀಖು ಹಾಕಿ ಡೈರಿಯಲ್ಲಿ ಗುರುತು ಮಾಡಿಟ್ಟಿದ್ದೇನೆ. ಅಮ್ಮನನ್ನು ಕೇಳಿದರೆ ಅವುಗಳಲ್ಲಿ ಒಂದೂ ಸುಳ್ಳಲ್ಲ ಎನ್ನುತ್ತಾಳೆ. ಈ ಒಂದು ವಿಷಯದಲ್ಲಿ ನಮ್ಮಿಬ್ಬರ ಲೆಕ್ಕ ಇವತ್ತಿಗೂ ಕೂಡಿಬಂದಿಲ್ಲ.

ಪಪ್ಪ ಪಾದ್ರಿ. ಉಡುಪಿ ಕಡೆಯವರು. ನನಗೆ ಆರು ತುಂಬಿದ ವರ್ಷ ನಮ್ಮ ಮೂವರ ಸಂಸಾರ ಮಿಷನರಿಯಾಗಿ ತಾಂಜಾನಿಯಾದ ಒಳನಾಡಿಗೆ ಹೋಯಿತು. ಮಿಷನರಿ ಎಂದರೆ ಜನ ಏನೇನೋ ಸಾಹಸ ಕಲ್ಪಿಸಿಕೊಳ್ಳುತ್ತಾರೆ. ಸಿಂಹ ಇತ್ತಾ ಎಂದು ನನ್ನನ್ನು ಈವರೆಗೆ ಇಪ್ಪತ್ತೆಂಟು ಮಂದಿ ಕೇಳಿದ್ದಾರೆ. ಸಿಂಹ ಇರಲಿಲ್ಲ. ನೀರಿನ ಡ್ರಮ್ಮು ಇತ್ತು. ಬೆಳಿಗ್ಗೆ ಐದೂವರೆಗೆ ಕನ್ನಡದಲ್ಲಿ ಒಂದು ಕೀರ್ತನೆ, ಆಮೇಲೆ ಡ್ರಮ್ಮು ತುಂಬಿಸುವುದು, ಪಪ್ಪನ ಬೈಕಿಗೆ ಕಿಕ್ ಹೊಡೆಯುವುದು, ಅಮ್ಮನ ಹೊಲಿಗೆ ಶಾಲೆಯ ಬಾಗಿಲು ತೆರೆಯುವುದು. ಬಾಗಿಲಲ್ಲಿ ಯಾರೋ ಒಬ್ಬರು ಸದಾ ನಿಂತು "ಹೋಡಿ!" ಎಂದು ಕೂಗುತ್ತಿದ್ದರು. ಒಳಗೆ ಬರಬಹುದೇ ಎಂದು ಅಲ್ಲಿ ಕೇಳುವ ರೀತಿ ಅದು. ಬೇಡ ಎಂದು ನಾವು ಹೇಳಿದ್ದಿಲ್ಲ. ನನ್ನ ಹನ್ನೆರಡನೆಯ ವರ್ಷದ ಡೈರಿಯ ಪ್ರಕಾರ ನಾವು ಮೂವರೇ ಕುಳಿತು ಊಟ ಮಾಡಿದ ದಿನಗಳು ವರ್ಷಕ್ಕೆ ಹತ್ತೊಂಬತ್ತು.

ಆರು ತಿಂಗಳಿಗೊಮ್ಮೆ ದುಬೈಯಿಂದ ಕಾರ್ಟನ್ ಬರುತ್ತಿತ್ತು. ಗಲ್ಫಿನಲ್ಲಿರುವ ನಮ್ಮ ಕನ್ನಡ ಕ್ರೈಸ್ತ ಸಭೆಯವರು ಪ್ರೀತಿಯಿಂದ ಕಳಿಸುತ್ತಿದ್ದದ್ದು. ಒಳ್ಳೆಯ ವಸ್ತುಗಳೂ ಇರುತ್ತಿದ್ದವು, ಆದರೆ ನೆನಪಿನಲ್ಲಿ ಉಳಿದಿರುವುದು ಕೆಲಸಕ್ಕೆ ಬಾರದವು. ಹಿಮದಲ್ಲಿ ಹಾಕುವ ಒಂದು ಜಾಕೆಟ್. ಕರೆಂಟಿಲ್ಲದ ನಮ್ಮ ಮನೆಗೆ ಒಂದು ಸ್ಯಾಂಡ್‌ವಿಚ್ ಮೇಕರ್. ಮೂರು ಜೊತೆ ಎತ್ತರದ ಹಿಮ್ಮಡಿಯ ಮೆರೂನ್ ಚಪ್ಪಲಿ. ಯಾರದೋ ಮದುವೆಯಲ್ಲಿ ಹಂಚಿ ಮಿಕ್ಕಿದ, ವಧೂವರರ ಹೆಸರಿರುವ ನಲವತ್ತು ಸ್ಟೀಲ್ ಬಟ್ಟಲು. ಆ ದಂಪತಿಯನ್ನು ನಾನು ಕಂಡಿಲ್ಲ, ಆದರೆ ಎಂಟು ವರ್ಷ ಅವರ ಹೆಸರಿನ ಮೇಲೆಯೇ ಗಂಜಿ ಕುಡಿದೆ.

ಕಾರ್ಟನ್ ಬಿಚ್ಚಿದ ಮರುದಿನ ಥ್ಯಾಂಕ್ಸ್ ಪತ್ರ ಬರೆಯುವ ದಿನ. ಒಬ್ಬೊಬ್ಬರಿಗೂ ಬೇರೆ ಬೇರೆ, ಕೈಬರಹದಲ್ಲಿ. ದೊಡ್ಡವರಿಗೆ ಅಮ್ಮ ಬರೆಯುವಳು, ಆಂಟಿಯರಿಗೆ ನಾನು. "ನೀವು ಕಳಿಸಿದ ಸ್ಯಾಂಡ್‌ವಿಚ್ ಮೇಕರ್ ನಮಗೆ ಬಹಳ ಉಪಯೋಗವಾಯಿತು" ಎಂದು ಬರೆಯಲು ನಾನು ಹಟ ಹಿಡಿದು ನಿರಾಕರಿಸಿದ ದಿನ ಅಮ್ಮ ಕೇಳಿದಳು, "ಗಾಳಿಗೆ ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟಿದ್ದೇವಲ್ಲ?"

"ಇಟ್ಟಿದ್ದೇವೆ."

"ಮತ್ತೆ? ಉಪಯೋಗ ಆಯಿತಲ್ಲ? ಬರಿ."

ನಮ್ಮ ಮನೆಯ ವ್ಯಾಕರಣ ಇಷ್ಟೇ. ಸುಳ್ಳು ಹೇಳಬಾರದು. ನಮಗೆಂದು ಏನನ್ನೂ ಕೇಳಬಾರದು. ಹೇಗಿದ್ದೀರಿ ಎಂದರೆ ಕರ್ತನ ಕೃಪೆಯಿಂದ ಕ್ಷೇಮ. ಪ್ರಾರ್ಥನೆಗೆ ವಿಷಯ ಕೇಳಿದರೆ ಮಳೆ, ಶಾಲೆ, ಪಕ್ಕದ ಮನೆಯ ಬಾಣಂತಿ. ನಮ್ಮ ಜ್ವರ ಎಂದೂ ಪ್ರಾರ್ಥನೆಯ ವಿಷಯವಾಗುವ ಹಾಗಿಲ್ಲ. ನನಗೆ ಒಂಬತ್ತು ಸಲ ಮಲೇರಿಯಾ ಬಂದಿತ್ತು. ಒಂಬತ್ತೂ ಡೈರಿಯಲ್ಲಿವೆ, ಒಂದೂ ಪತ್ರದಲ್ಲಿಲ್ಲ.

ಧನ್ಯವಾದ ಎನ್ನುವುದೇ ವಿಚಿತ್ರ ಮಾತು. ಸಮಾರಂಭದಲ್ಲಿ ವಂದನಾರ್ಪಣೆ ಎಂದು ಕರೆದ ಕೂಡಲೇ ಜನ ಚಪ್ಪಲಿ ಹುಡುಕಲು ಏಳುತ್ತಾರೆ. ಮನೆಯಲ್ಲಿ ಅನ್ನ ಬಡಿಸಿದ ತಾಯಿಗೆ ಯಾರಾದರೂ ಧನ್ಯವಾದ ಎಂದರೆ ಅವಳು ಮೊದಲು ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಾಳೆ. ಅರಬಿಯವರು ಶುಕ್ರನ್ ಎನ್ನುವಾಗ ಅಂಗೈಯನ್ನು ಎದೆಗಿಡುತ್ತಾರೆ. ಅದು ನನಗೆ ಇಷ್ಟ. ಮಾತು ಎಲ್ಲಿಂದ ಬಂತು ಎಂದಾದರೂ ತೋರಿಸಿದ ಹಾಗಾಗುತ್ತದೆ.

ನಾಲ್ಕು ವರ್ಷಗಳ ಹಿಂದೆ ನಾನು ಕೆಲಸಕ್ಕೆಂದು ಅಬುಧಾಬಿಗೆ ಬಂದೆ. ಡಾಕ್ಯುಮೆಂಟ್ ಕಂಟ್ರೋಲರ್. ಕಟ್ಟಡಗಳ ನಕ್ಷೆಗಳಿಗೆ ನಂಬರು ಕೊಟ್ಟು, ಯಾವುದು ಹಳೆಯದು ಯಾವುದು ಹೊಸದು ಎಂದು ಕಾಯುವ ಕೆಲಸ. ಎಣಿಸುವ ಚಟದವಳಿಗೆ ಸಂಬಳವನ್ನೂ ಕೊಡುವ ದೇಶವೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಕಟ್ಟಡದಲ್ಲಿ ಕಿನ್ನಿಗೋಳಿಯ ಲವೀನಕ್ಕನ ಜೊತೆ ಒಂದು ಕೋಣೆ ಹಂಚಿಕೊಂಡಿದ್ದೇನೆ. ಅವರು ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಕೊಂಕಣಿಯಲ್ಲಿ ಪ್ರಾರ್ಥಿಸುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ.

ಹೀಗೆ ನಾನು ಕಾರ್ಟನ್ ಕಳಿಸುವ ದಡಕ್ಕೆ ಬಂದುಬಿಟ್ಟೆ. ಆರು ತಿಂಗಳಿಗೊಮ್ಮೆ ಸಭೆಯವರಿಂದ ವಸ್ತುಗಳನ್ನು ಸಂಗ್ರಹಿಸಿ, ಬಸ್ಸಿನಲ್ಲಿ ಬರ್ ದುಬೈಗೆ ಒಯ್ದು, ಕಾರ್ಗೋ ಅಂಗಡಿಯಲ್ಲಿ ಟೇಪು ಸುತ್ತಿಸುವುದು ನನ್ನ ಪಾಲಿನ ಸೇವೆ. ಹಿಮದ ಜಾಕೆಟ್‌ಗಳನ್ನು ಮೆಲ್ಲನೆ ಬದಿಗೆ ಸರಿಸುವುದೂ ಅದರಲ್ಲಿ ಸೇರಿದೆ. ಅಮ್ಮ ಈಗಲೂ ಒಬ್ಬೊಬ್ಬರಿಗೂ ಗೆರೆಯಿಲ್ಲದ ಬಿಳಿ ಹಾಳೆಯಲ್ಲಿ ಕೈಯಾರೆ ಬರೆಯುತ್ತಾಳೆ. ಪಪ್ಪ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾರೆ. ನಾನು ಟೈಪಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆದು ಹಂಚುತ್ತೇನೆ.

ಮೊದಲ ಕಾರ್ಟನ್ ತಲುಪಿದಾಗ ಬಂದ ಪತ್ರಗಳ ನಡುವೆ ನನ್ನ ಹೆಸರಿಗೂ ಒಂದು ಪತ್ರವಿತ್ತು. "ಪ್ರೀತಿಯ ಮಗಳೇ, ನೀನು ಕಳಿಸಿದ ಎಲ್ಲ ವಸ್ತುಗಳು ನಮಗೆ ಬಹಳ ಉಪಯೋಗವಾದವು. ನಾವು ಕರ್ತನ ಕೃಪೆಯಿಂದ ಕ್ಷೇಮ." ಟೈಪಿಂಗ್ ಸೆಂಟರಿನ ಕೌಂಟರಿನ ಮುಂದೆಯೇ ಅದನ್ನು ಎರಡು ಸಲ ಓದಿದೆ. ನನ್ನದೇ ಶೈಲಿ. ನನ್ನ ಅಮ್ಮ ನನ್ನನ್ನು ಆಂಟಿಯರ ಸಾಲಿಗೆ ಸೇರಿಸಿದ್ದಳು.

ಪತ್ರಗಳು ಬಂದಾಗಲೆಲ್ಲ ತಾರೀಖು, ಯಾರಿಗೆ, ಪುಟಕ್ಕೆ ಎಷ್ಟು ಸಾಲು ಎಂದು ಬರೆದಿಟ್ಟೆ. ಸಾಲು ಏಕೆ ಎಣಿಸಿದೆ ಎಂದು ಕೇಳಬೇಡಿ, ಎಣಿಸುವವರಿಗೆ ಕಾರಣ ಬೇಕಾಗುವುದಿಲ್ಲ. ನನಗೆ ಬಂದ ಮೊದಲ ಪತ್ರದಲ್ಲಿ ಇಪ್ಪತ್ತೆರಡು ಸಾಲು. ಮುಂದಿನದರಲ್ಲಿ ಇಪ್ಪತ್ತೊಂದು. ಆಮೇಲೆ ಹತ್ತೊಂಬತ್ತು, ಹದಿನೇಳು, ಹದಿನಾಲ್ಕು. ಎಲ್ಲವೂ ಒಂದೇ ಪುಟ. ಅಮ್ಮನಿಗೆ ನನಗೆ ಹೇಳಲು ವಿಷಯ ಕಡಿಮೆಯಾಗುತ್ತಿದೆ ಎಂದುಕೊಂಡೆ. ಒಬ್ಬಳೇ ಮಗಳು ಬಿಟ್ಟುಬಂದಳೆಂದು ಮುನಿಸು ಎಂದುಕೊಂಡೆ. ಮುನಿಸಿಗೆ ಮುನಿಸೇ ಮದ್ದು ಎಂದು ನಾನೂ ಫೋನು ಕಡಿಮೆ ಮಾಡಿದೆ. ವಾರಕ್ಕೆ ಮೂರು ಇದ್ದದ್ದು ಒಂದಾಯಿತು. ಇದನ್ನೂ ಡೈರಿಯಲ್ಲಿ ಬರೆದಿದ್ದೇನೆ. ಈಗ ಆ ಪುಟಗಳನ್ನು ತೆರೆಯಲು ಮನಸ್ಸಾಗುವುದಿಲ್ಲ.

ಹನ್ನೊಂದು ಸಾಲಿನ ಪತ್ರ ಬಂದ ದಿನ ನಾನು ಸೋತು ಲವೀನಕ್ಕನ ಮುಂದೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟೆ. "ನೋಡಿ ಅಕ್ಕ, ಅಮ್ಮನ ಪ್ರೀತಿ ಅರ್ಧಕ್ಕೆ ಇಳಿದಿದೆ."

ಅವರು ಸ್ನಾನ ಮುಗಿಸಿ ತಲೆಗೆ ಟವೆಲ್ ಕಟ್ಟಿಕೊಂಡು ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದರು. ಒಂದು ಸಲ ನೋಡಿದರು, ಕುಳಿತುಕೊಂಡರು. "ಪ್ರೀತಿ ಎಂತದ್ದು ಮಾರಾಯ್ತಿ! ಅಕ್ಷರ ನೋಡು. ಇದು ಕಡಲೆ, ಇದು ಗೋಡಂಬಿ. ಅವರಿಗೆ ಕಾಣುದಿಲ್ಲ. ಶುಗರ್ ಉಂಟಾ?"

"ಉಂಟು. ಹದಿನೈದು ವರ್ಷದಿಂದ."

"ನೀನು ಸಾಲು ಎಣಿಸಿದ್ದಾ? ಅಕ್ಷರ ನೋಡ್ಲೇ ಇಲ್ವಾ?"

ನೋಡಿರಲಿಲ್ಲ. ಅಕ್ಷರ ದೊಡ್ಡದಾದರೆ ಸಾಲು ಕಡಿಮೆಯಾಗುತ್ತದೆ ಎಂಬುದು ಒಂದನೇ ತರಗತಿಯ ಮಗುವಿಗೂ ಹೊಳೆಯುವ ಸಂಗತಿ. ಎರಡೂವರೆ ವರ್ಷದ ಅಂಕಿ ನನ್ನ ಕೈಯಲ್ಲಿತ್ತು. ಅಮ್ಮನ ಕಣ್ಣು ಇಳಿಯುತ್ತಿದ್ದುದನ್ನು ನಾನು ತಾರೀಖು ಸಮೇತ ದಾಖಲಿಸಿದ್ದೆ, ತಲೆಬರಹ ಮಾತ್ರ ತಪ್ಪು ಕೊಟ್ಟಿದ್ದೆ.

ಫೋನು ಮಾಡಿದರೆ ಅಮ್ಮ ಕರ್ತನ ಕೃಪೆಯಿಂದ ಕ್ಷೇಮ. ಅಂದು ಮೂರು ಸಲ ಕೇಳಿದೆ, ಮೂರು ಸಲವೂ ಕ್ಷೇಮ. ಪಪ್ಪ, "ಕನ್ನಡಕದ ಪವರ್ ಸ್ವಲ್ಪ ಬದಲಾಗಿರಬೇಕು" ಎಂದರು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಕೈ ಹಾಕಿದರೆ ಒಂದೊಂದು ತಿಂಗಳೂ ಮುಖ್ಯ ಎಂದು ಲವೀನಕ್ಕ ಹೇಳಿದ್ದರು. ನನಗೆ ಉಳಿದದ್ದು ಮನೆಯ ವ್ಯಾಕರಣ ಮುರಿಯುವ ದಾರಿ ಒಂದೇ.

ನಮ್ಮ ಸಭೆ ಸೇರುವುದು ಚರ್ಚ್ ಕಾಂಪೌಂಡಿನ ಒಂದು ಕೋಣೆಯಲ್ಲಿ, ಒಂದೂವರೆ ಗಂಟೆ ಮಾತ್ರ. ಬಾಗಿಲ ಹೊರಗೆ ಫಿಲಿಪೀನಿಯರ ಸಭೆ ಗಿಟಾರ್ ಹಿಡಿದು ಕಾದಿರುತ್ತದೆ, ಆದ್ದರಿಂದ ನಮ್ಮಲ್ಲಿ ಪ್ರಾರ್ಥನೆಗೂ ವೇಗವಿದೆ. ಆ ಭಾನುವಾರ ಹಿರಿಯರಾದ ಸುಧಾಕರ ಅಂಕಲ್ ಗಡಿಯಾರ ನೋಡುತ್ತಾ, "ಯಲ್ಲಾ, ಬೇಗ ಹೇಳು, ಆಫ್ರಿಕಾದಿಂದ ಏನು ವಿಷಯ? ಮಳೆಯಾ?" ಎಂದರು. ನಾನು ಎದ್ದು ನಿಂತು, "ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ಒಪ್ಪಿಕೊಳ್ಳುವುದೂ ಇಲ್ಲ" ಎಂದು ಕುಳಿತೆ. ಇಪ್ಪತ್ತು ವರ್ಷದಲ್ಲಿ ನಮ್ಮ ಮನೆಯಿಂದ ನಮಗಾಗಿ ಹೋದ ಮೊದಲ ಪ್ರಾರ್ಥನೆಯ ವಿಷಯ ಅದು.

ಮಧ್ಯಾಹ್ನದ ಹೊತ್ತಿಗೆ ಅಮ್ಮನ ಫೋನಿಗೆ ಮೂವತ್ತೊಂದು ಮೆಸೇಜು ಹೋದವು. ಅವಳಿಗೆ ಓದಲಾಗಲಿಲ್ಲ. ಪಪ್ಪ ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳಿದರಂತೆ. ಏಳನೆಯದರ ಹೊತ್ತಿಗೆ ಓದುವುದನ್ನು ನಿಲ್ಲಿಸಿ, ಅವಳ ಮುಖದ ಎಡಗಡೆ, ಮುಟ್ಟದೆ, ಮೆಲ್ಲಗೆ ಕೈ ಆಡಿಸಿದರಂತೆ. ಅವಳ ರೆಪ್ಪೆ ಅಲುಗಲಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ಗಂಡನಿಂದಲೂ ಅವಳು ಅದನ್ನು ಮುಚ್ಚಿಟ್ಟಿದ್ದಳು.

ಸಂಜೆ ಅವಳ ಕರೆ ಬಂತು. "ನಿನಗೆ ನಾಚಿಕೆ ಇಲ್ಲವಾ? ನನ್ನ ಕಣ್ಣನ್ನು ಊರಿಗೆಲ್ಲ ಹಂಚಿದೆಯಲ್ಲ! ಆ ಜನ ನಮಗೆ ಎಷ್ಟು ಮಾಡಿದ್ದಾರೆ, ಇನ್ನು ಇದೊಂದು ಹೊರೆ ಬೇರೆ."

"ಅಮ್ಮ, ನನಗೂ ಅವರಿಗೆ ಬರೆದ ಹಾಗೇ ಬರೆಯುತ್ತೀಯಲ್ಲ. ನಾನು ಕಾರ್ಟನ್ ಕಳಿಸುವ ಆಂಟಿಯಾ?"

ಆ ಕಡೆ ಅವಳು ಕೋಳಿಗಳನ್ನು ಹುಶ್ ಎಂದು ಓಡಿಸಿದಳು. ಆಮೇಲೆ ಹೇಳಿದಳು. "ಎಡದ್ದು ಹೋದ ಮಳೆಗಾಲದಲ್ಲಿ ಮಂಜಾಯಿತು. ಈಗ ಮಂಜೂ ಇಲ್ಲ. ಬಲದ್ದಕ್ಕೂ ಶುರುವಾಗಿದೆ. ಹೇಳಿದರೆ ನೀನು ಕೆಲಸ ಬಿಟ್ಟು ಬರುತ್ತೀ ಅಂತ."

ಹೋದ ಮಳೆಗಾಲ ಎಂದರೆ ಹದಿನೇಳು ಸಾಲು. ನಾನು ವಾರಕ್ಕೊಂದು ಫೋನಿಗೆ ಇಳಿದಿದ್ದ ಕಾಲ.

ವಿಸಿಟ್ ವೀಸಾದ ಮೇಲೆ ಅವಳು ಬಂದಳು. ಇಪ್ಪತ್ನಾಲ್ಕು ದಿನ ನಮ್ಮ ಕೋಣೆಯಲ್ಲಿದ್ದಳು. ಬಾತ್‌ರೂಮಿನ ಬಾಗಿಲ ಹೊರಗೆ ನಿಂತು "ಹೋಡಿ" ಎಂದಾಗ ಒಳಗಿದ್ದ ಲವೀನಕ್ಕ ಹೆದರಿ ಸೋಪು ಬೀಳಿಸಿಕೊಂಡರು. ಅವರ ಕ್ಲಿನಿಕ್ಕಿನ ಡಾಕ್ಟರು ಅಮ್ಮನ ಬಲಗಣ್ಣು ಮುಚ್ಚಿ ಗೋಡೆಯ ಮೇಲಿನ ಅಕ್ಷರ ಓದಿ ಎಂದರು. ಅಮ್ಮ ಗೋಡೆಯ ಕಡೆಗೆ ವಿನಯದಿಂದ ಮುಗುಳ್ನಕ್ಕಳು. ಎಡಗಣ್ಣು ಇನ್ನು ಮರಳುವುದಿಲ್ಲ, ಬಲಗಣ್ಣನ್ನು ಲೇಸರ್ ಮಾಡಿ ಇದ್ದಷ್ಟರಲ್ಲಿ ಉಳಿಸಿಕೊಳ್ಳಬಹುದು, ಒಂದು ವರ್ಷ ಮೊದಲೇ ಬಂದಿದ್ದರೆ ಬೇರೆ ಮಾತು ಎಂದು ಡಾಕ್ಟರು ಹೇಳಿದರು. ಅಮ್ಮ, "ಥ್ಯಾಂಕ್ಯೂ ಡಾಕ್ಟರ್, ಬಹಳ ಉಪಕಾರವಾಯಿತು" ಎಂದಳು. ನಾನು ಹೊರಗೆ ಬಂದು ಲಿಫ್ಟಿನ ಪಕ್ಕದ ಗೋಡೆಗೆ ಮುಖ ಕೊಟ್ಟು ನಿಂತೆ. ಒಂದು ವರ್ಷ ಎಂಬ ಮಾತನ್ನು ಡಾಕ್ಟರು ಹೇಳಿದ್ದು ಅವಳಿಗೆ, ತಾಗಿದ್ದು ನನಗೆ.

ಮೂರು ಸಲ ಲೇಸರ್ ಆಯಿತು. ಬಲಗಣ್ಣು ಸದ್ಯಕ್ಕೆ ನಿಂತಿದೆ. ಇಲ್ಲೇ ಇರು ಎಂದೆ. "ಅಲ್ಲಿ ಹೊಲಿಗೆ ಶಾಲೆ ಯಾರು ನೋಡುವುದು?" ಎಂದಳು. ಒಂದು ಕಣ್ಣಿನಲ್ಲಿ ಎಂಥ ಹೊಲಿಗೆ ಎಂದು ನಾನು ರೇಗಿದೆ. "ಸೂಜಿಗೆ ನೂಲು ಹಾಕುವಾಗ ಎಲ್ಲರೂ ಒಂದು ಕಣ್ಣು ಮುಚ್ಚಿಯೇ ಹಾಕುವುದು" ಎಂದು ಹೇಳಿ ಪೆಟ್ಟಿಗೆ ಕಟ್ಟಿದಳು. ಏರ್‌ಪೋರ್ಟಿನಲ್ಲಿ ನನ್ನ ಭುಜದ ಮೇಲೆ ಅವಳ ಕೈ ಸ್ವಲ್ಪ ಹೆಚ್ಚು ಭಾರವಾಗಿತ್ತು. ಅದನ್ನು ಬರೆದಿಡಲು ನನ್ನ ಡೈರಿಯಲ್ಲಿ ಅಂಕಣವಿಲ್ಲ.

ಹೋದ ವಾರ ಅವಳ ಪತ್ರ ಬಂತು. ಒಂಬತ್ತೇ ಸಾಲು. "ನೀನು ಕಳಿಸಿದ ಪೆನ್ನು ದಂಡ. ಮಸಿ ಹಾಳೆಯ ಆಚೆಗೆ ಇಳಿಯುತ್ತದೆ. ಬಿಸ್ಕೆಟು ಎಲ್ಲ ಪುಡಿ, ನಿನಗೆ ಕಟ್ಟಲಿಕ್ಕೆ ಬರುವುದಿಲ್ಲ. ಒಣ ಸೀಗಡಿ ಕಳಿಸು, ಆಸೆಯಾಗಿದೆ. ಮಧ್ಯಾಹ್ನ ಕಣ್ಣು ಬಹಳ ಉರಿಯುತ್ತದೆ. ಹೆದರಿಕೆಯಾಗುತ್ತದೆ. ನೀನು ಫೋನು ಬೇಗ ಇಡುತ್ತೀ."

ಲವೀನಕ್ಕ ನನ್ನ ಮುಖ ನೋಡಿ, "ಎಂತ, ಅಮ್ಮ ಬೈದ್ರಾ?" ಎಂದರು.

"ಹೌದು. ತುಂಬ."

"ಮತ್ತೆ ಎರಡೆರಡು ಸಲ ಓದುದು ಎಂತಕ್ಕೆ?"

ಉತ್ತರ ಬರೆಯಲು ಕುಳಿತೆ. ಅಭ್ಯಾಸಬಲದಿಂದ ನಾನು ಇಲ್ಲಿ ಕ್ಷೇಮ ಎಂದು ಶುರುಮಾಡಿದೆ, ಅವಳಿಗೆ ಕಾಣಲೆಂದು ದಪ್ಪ ಪೆನ್ನಿನಿಂದ ಗೋಡಂಬಿ ಗಾತ್ರದ ಅಕ್ಷರದಲ್ಲಿ. ಅಷ್ಟಕ್ಕೇ ಒಂದು ಸಾಲು ಮುಗಿದುಹೋಯಿತು. ಹಾಳೆ ನೋಡಿದೆ. ಈ ಅಳತೆಯಲ್ಲಿ ಬರೆದರೆ ಪುಟಕ್ಕೆ ಹಿಡಿಯುವುದು ಎಂಟೋ ಒಂಬತ್ತೋ ಸಾಲು. ಕೃಪೆ, ಕ್ಷೇಮ, ಉಪಕಾರಗಳಿಗೆಲ್ಲ ಜಾಗ ಕೊಡುತ್ತಾ ಹೋದರೆ ವಿಷಯಕ್ಕೆ ಬರುವಷ್ಟರಲ್ಲಿ ಕಾಗದ ಮುಗಿದಿರುತ್ತದೆ. ದೊಡ್ಡ ಅಕ್ಷರದಲ್ಲಿ ಬರೆಯುವವರಿಗೆ ಸುತ್ತಿಬಳಸುವ ಸೌಲಭ್ಯವಿಲ್ಲ. ಆ ಸಾಲನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದು ಬರೆದೆ: "ಅಮ್ಮ, ನನಗೂ ಹೆದರಿಕೆಯಾಗುತ್ತದೆ."