ಪಂಚಮಿಯ ದಿನ ಅರಶಿನ ಎಲೆ ತರಲು ಹೋದದ್ದು

ನಾಗರಪಂಚಮಿಯ ಬೆಳಿಗ್ಗೆ ಮುಂಬಯಿ ಪಕ್ಕದ ಠಾಣೆಯಲ್ಲಿ ಟಿಟ್ವಾಲಾ ಲೋಕಲ್ ರೈಲು ಹತ್ತಿದೆ. ಕೋಪರಿಯ ನಮ್ಮ ಹೋಟೆಲಿನಲ್ಲಿ ಸಂಜೆಗೆ ಅರಶಿನ ಎಲೆಯ ಗಟ್ಟಿ ಎಂದು ಬೋರ್ಡು ಬರೆದಾಗಿತ್ತು. ಹಿಟ್ಟು, ಬೆಲ್ಲ ಮಡಚಿ ಬೇಯಿಸಬೇಕಾದ ಎಲೆ ಮಾತ್ರ ಬಂದಿರಲಿಲ್ಲ. "ನೀನೇ ಹೋಗಿ ತಾ ಮಾರಾಯ್ತಿ. ಇವತ್ತೇ ಕೊಯ್ದದ್ದಾದರೆ ಪರಿಮಳವೇ ಬೇರೆ," ಎಂದರು ಯಜಮಾನರು. ಪರಿಮಳದ ವಿಷಯದಲ್ಲಿ ಅವರ ಬುದ್ಧಿ ಚುರುಕು. ಉಳಿದದ್ದರಲ್ಲಿ ಹೇಳುವಂತಿಲ್ಲ.

ಎಲೆ ಕೊಡಬೇಕಾದವಳು ತಾರಾಬಾಯಿ, ಶಹಾಡಿನಾಚೆಯ ಹಳ್ಳಿಯವಳು. ಘೋಡಬಂದರ್ ರಸ್ತೆಯ ವಸತಿ ಸೊಸೈಟಿಯೊಂದರಲ್ಲಿ ಅವಳ ಊರಿನ ಹೆಂಗಸರ ಉಳಿತಾಯ ಗುಂಪು ಮಳಿಗೆ ಹಾಕಿದಾಗ ಪರಿಚಯವಾಗಿತ್ತು. ಹೊಲ ಗಂಡನದು, ಅರಶಿನದ ಗಡ್ಡೆಯೂ ಗಂಡನದು. ಯಾರಿಗೂ ಬೇಡವಾದ ಎಲೆ ತನ್ನದೆಂದು ಅವಳು ಹಟ ಹಿಡಿದಿದ್ದಳು. ಈ ಪಂಚಮಿಗೆ ಎಲೆ ಮಾರಾಟವಾಗದಿದ್ದರೆ ವ್ಯಾಪಾರವೂ ಬೇಡ, ಗುಂಪೂ ಬೇಡ, ಮನೆಯಲ್ಲಿರಬೇಕು ಎಂದು ಗಂಡ ನಾಮದೇವ ಷರತ್ತು ಹಾಕಿದ್ದ. ಅವಳಿಗೆ ಬಂದ ಒಂದೇ ಆರ್ಡರು ನಮ್ಮದು.

ಬೆಳಗಿನ ಹೊತ್ತು ಕಲ್ಯಾಣದ ಕಡೆಗೆ ಹೋಗುವ ಗಾಡಿ ಖಾಲಿ. ಕಿಟಕಿ ಪಕ್ಕ ಕೂತು ಮಧ್ಯಾಹ್ನದ ಬೀನ್ಸ್ ಹೆಚ್ಚಿ ಮುಗಿಸಿದೆ. ಹೆಂಗಸರ ಡಬ್ಬಿಯಲ್ಲಿ ಓಡಾಡುವವರ ಪರ್ಸಿನಲ್ಲಿ ಚಾಕು ಇದ್ದೇ ಇರುತ್ತದೆ. ಶಹಾಡಿನಲ್ಲಿ ಜಡಿಮಳೆ. ಶೇರ್ ರಿಕ್ಷಾದವನು ಹದಿನೈದು ರೂಪಾಯಿ ತೆಗೆದುಕೊಂಡು ಕೆಸರಿನಲ್ಲೇ ಇಳಿಸಿದ.

ಹೊಲದಲ್ಲಿ ಅರಶಿನ ಸೊಂಟದೆತ್ತರ ಬೆಳೆದು ನಿಂತಿತ್ತು. ಒಂದೆಲೆಯನ್ನೂ ಕೊಯ್ದಿರಲಿಲ್ಲ!

"ನಿನ್ನೆ ಸಂಜೆತನಕ ಕಾದೆ ತಾಯಿ," ಎಂದು ತಾರಾಬಾಯಿ ಮರಾಠಿಯಲ್ಲಿ ಗೋಳಾಡಿದಳು. "ನೀವು ಬಾರದೆ ಕೊಯ್ದಿಟ್ಟರೆ ಬಾಡುತ್ತದಲ್ಲ? ಇವತ್ತು ಪಂಚಮಿ. ನಮ್ಮಲ್ಲಿ ಯಾರೂ ಕುಡುಗೋಲು ಮುಟ್ಟೋದಿಲ್ಲ, ಏನನ್ನೂ ಕತ್ತರಿಸೋದಿಲ್ಲ."

ಕರಾವಳಿಯ ನಮ್ಮೂರ ಕಡೆ ಆ ದಿನ ನೆಲ ಅಗೆಯುವುದಿಲ್ಲ, ನಿಜ. ಆದರೆ ಎಲೆ ಕೊಯ್ಯದೆ ನಮಗೆ ಹಬ್ಬವೇ ಇಲ್ಲ. ಇಲ್ಲಿ ಕೊಯ್ಯಬಾರದೆಂಬುದು ಯಜಮಾನರ ತಲೆಗೂ ಹೊಳೆದಿರಲಿಲ್ಲ, ನನ್ನ ತಲೆಗೂ ಹೊಳೆದಿರಲಿಲ್ಲ.

ಜಗಲಿಯಲ್ಲಿ ಚಹಾ ಹೀರುತ್ತಿದ್ದ ನಾಮದೇವ, "ಝಾಲಾ! ಎಲೆ ವ್ಯಾಪಾರ ಮುಗೀತು," ಎಂದು ಹಲ್ಲು ಕಿರಿದ. ತಾರಾಬಾಯಿಯ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು. ಒಳಗಿದ್ದ ಅವಳ ಅತ್ತೆಯ ಬಳಿ ನೇರ ಹೋಗಿ, "ಆಜಿ, ನಾನು ಕೊಯ್ದರೆ?" ಎಂದು ಕೇಳಿದೆ.

"ನಿಮ್ಮನೇಲಿ ಇವತ್ತು ಕತ್ತರಿಸ್ತೀರಾ?"

"ದಾರಿಯುದ್ದಕ್ಕೂ ಬೀನ್ಸ್ ಹೆಚ್ಚಿಕೊಂಡೇ ಬಂದೆ."

ಮುದುಕಿ ಲೆಕ್ಕ ಹಾಕಿದಳು. "ಹಾಗಾದ್ರೆ ಆಗೋ ಪಾಪ ಹೇಗೂ ಆಗಿದೆ. ಕೊಯ್ಕೋ. ನಮ್ಮ ಕುಡುಗೋಲು ಮಾತ್ರ ಕೊಡೋದಿಲ್ಲ."

ಸೀರೆ ಎತ್ತಿ ಕಟ್ಟಿ, ಬೀನ್ಸಿನ ಚಾಕು ಹಿಡಿದು ಇಳಿದೆ. ಎರಡು ಸಲ ಜಾರಿ ಕೂತೆ. ಬದುವಿನ ಮೇಲಿಂದ ತಾರಾಬಾಯಿ, "ಅದು ಬೇಡ, ತೂತಿದೆ. ಆಚೆಯದು! ದಂಟು ಬಿಡಬೇಡಿ!" ಎಂದು ಕಣ್ಣೊರೆಸಿಕೊಳ್ಳುತ್ತಲೇ ಹುಕುಂ ಕೊಡುತ್ತಿದ್ದಳು. ಸಂಬಳವಿಲ್ಲದ ಕೂಲಿಯವಳ ಮೇಲೆ ಅಷ್ಟು ಜೋರು ನಮ್ಮ ಹೋಟೆಲಿನಲ್ಲೂ ನಡೆಯುವುದಿಲ್ಲ. ಕೊನೆಗೆ ಎರಡು ದೊಡ್ಡ ಕಟ್ಟುಗಳಾದವು.

ಹಬ್ಬವಾದ್ದರಿಂದ ವಾಪಸು ರಿಕ್ಷಾ ಸಿಗಲಿಲ್ಲ. ನಾಮದೇವ ಮೆಲ್ಲಗೆ ಜಾಗ ಖಾಲಿ ಮಾಡುವುದರಲ್ಲಿದ್ದ. "ನಾಮ್ಯಾ, ಎಲ್ಲಿಗೆ?" ಎಂದಳು ಆಜಿ. "ಕೊಯ್ಯಬಾರದು ಅಂದೆ. ಹೊರಬಾರದು ಅಂದೆನಾ?" ಮೂರು ಕಿಲೋಮೀಟರು ಅವನು ತಲೆಯ ಮೇಲೆ ಎಲೆ ಹೊತ್ತು ಮುಂದೆ ನಡೆದ. ತಾರಾಬಾಯಿಯ ಒಂದೇ ಕೊಡೆಯಡಿ ಅವಳೂ ನಾನೂ ಹಿಂದೆ ನಡೆದೆವು.

ಶಹಾಡಿನಲ್ಲಿ ಗಾಡಿ ಹತ್ತುವ ಮುಂಚೆ ಅವಳ ಕೈಗೆ ಹಣ ಕೊಟ್ಟೆ. ಗಾಡಿ ಹೊರಟಾಗ ಬಾಗಿಲಿನಿಂದ ತಿರುಗಿ ನೋಡಿದೆ. ನಾಮದೇವ ರೂಢಿಯಂತೆ ಅವಳ ಮುಂದೆ ಕೈ ಚಾಚಿದ್ದ. ತಾರಾಬಾಯಿ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಕೈಗೆ ಕೊಡೆ ಕೊಟ್ಟಳು. ಅವನು ಅದನ್ನು ಬಿಚ್ಚಿ ಅವಳ ತಲೆಯ ಮೇಲೆ ಹಿಡಿದ.