ಪೇಪರ್ ಓದುವ ಬಿಂದುಮಾಧವ

ಪುಣೆಯ ನಾರಾಯಣ ಪೇಠೆಯ ಬಿಂದುಮಾಧವ ಮೆಟ್ರಿಕ್ ಓದುವ ಹುಡುಗ. ಕಣ್ಣು ಮಂಜಾದ ಪಿಂಚಣಿದಾರ ಅಪ್ಪಾಸಾಹೇಬರಿಗೆ ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳಿ ಶಾಲೆಯ ಫೀ ದುಡಿಯುತ್ತಿದ್ದ. ಠೀವಿ ಮಾತ್ರ ಮಹಾಯುದ್ಧವನ್ನೇ ತಾನು ನಡೆಸುತ್ತಿರುವವನದು. ತಡವಾಗಿ ಶಾಲೆಗೆ ಬಂದು, ಧಾರವಾಡ ಕಡೆಯ ಮಾಸ್ತರಿಗೆ, "ಜಪಾನದವರು ಭಾಳ ಮುಂದ ಬಂದಾರ್ರೀ, ಅದಕ್ಕ ತಡಾ ಆತು" ಎನ್ನುವನು. ಬೀಜಗಣಿತದಲ್ಲಿ ಸೊನ್ನೆ ಬಂದರೆ, ಜರ್ಮನರೂ ಒಮ್ಮೊಮ್ಮೆ ಹಿಂದೆ ಸರಿಯುತ್ತಾರೆ ಎಂದು ಮೂಗೇರಿಸುವನು. ಊಟದ ಬಿಡುವಿನಲ್ಲಿ ಗೆಳೆಯರ ಡಬ್ಬಿಯ ಚಪಾತಿಯನ್ನು ಬರ್ಮಾ ದೇಶವೆಂದು ತೋರಿಸಿ, ಯುದ್ಧ ವಿವರಿಸುತ್ತ ವಿವರಿಸುತ್ತ ಇಡೀ ದೇಶವನ್ನು ತಾನೇ ನುಂಗಿಬಿಡುವನು. ಸಿಂಗಾಪುರ ಜಪಾನಿನ ಕೈಗೆ ಬಿದ್ದ ಸುದ್ದಿ ಬಂದ ಬೆಳಿಗ್ಗೆ ಮಾತ್ರ ಅವನು ಮೊದಲ ಪುಟವನ್ನು ಓದದೆ ಮಡಚಿಬಿಟ್ಟ. ಅಪ್ಪಾಸಾಹೇಬರ ಒಬ್ಬನೇ ಮಗ ಅಲ್ಲಿನ ಬ್ರಿಟಿಷ್ ಪಲ್ಟಣದಲ್ಲಿ ಸಿಪಾಯಿಯಾಗಿದ್ದ. ಬಿಂದುಮಾಧವ ಬೆಲ್ಲದ ಧಾರಣೆಯನ್ನೇ ಎರಡು ಸಲ ಓದಿದ. "ಸಿಂಗಾಪುರದ್ದು ಏನರೆ ಬಂದದೇನೋ?" ಎಂದರು ಮುದುಕರು. "ಏನೂ ಇಲ್ರೀ, ಅಲ್ಲೆ ಎಲ್ಲಾ ಶಾಂತ ಅದ" ಎಂದ. ಅಂದು ಶಾಲೆಯಲ್ಲಿ ಮಾಸ್ತರು ನಗುತ್ತ, "ಏನಪಾ ಸೇನಾಪತಿ, ಇವತ್ತಿನ ಸುದ್ದಿ ಏನು?" ಎಂದು ಕೇಳಿದರು. ಬಿಂದುಮಾಧವ ಎದ್ದು ನಿಂತು, "ಇವತ್ತ ಪೇಪರ ಬರಲಿಲ್ರೀ ಮಾಸ್ತರ" ಎಂದು ಹೇಳಿ ಕುಳಿತುಬಿಟ್ಟ.