ಓಗೊಡುವ ಬೀಗದಕೈಗೊಂದು ಕರಡಿಗೆ

ಬೆಳಗಿನ ಐದೂಮುಕ್ಕಾಲು. ಹಾಲಿನವನ ಸೈಕಲ್ಲು ದಾಟಿಹೋದ ಮೇಲೆ ಕೀಲ್ಪಾಕ್‌ನ ಈ ಅಡ್ಡರಸ್ತೆಯಲ್ಲಿ ಮೊದಲು ಕೇಳುವುದು ತಮ್ಮಯ್ಯನ ಅರದ ಸದ್ದು. ಫುಟ್‌ಪಾತಿನ ಮೇಲೊಂದು ಹಸಿರು ತಗಡಿನ ಪೆಟ್ಟಿಗೆ, ಅದರ ನೆತ್ತಿಗೆ ಇನ್ನೂ ಹಲ್ಲು ಕೊರೆಯದ ಕೀಲಿಗಳ ತೋರಣ. ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಕಿಣಿಕಿಣಿ ಎನ್ನುತ್ತವೆ.

ಇಂದು ಅರ ಬೇಗ ನಿಲ್ಲುತ್ತದೆ. ಎದುರುಮನೆಯ ಶಾರದಮ್ಮ ಗೇಟಿನಿಂದಲೇ ಕರೆಯುತ್ತಾರೆ. ವಿಮಾ ಕಂಪನಿಯಿಂದ ನಿವೃತ್ತರಾದವರು, ಮೈಸೂರು ಕಡೆಯವರು.

"ಬಂದೆ ಅಮ್ಮಾ, ಸಾವಿ ತಗೊಂಡ್ಬನ್ನಿ!"

"ಬೆಳಬೆಳಿಗ್ಗೆ ಸಾವು ಸಾವು ಅಂತೀಯಲ್ಲೋ, ಬೀಗದಕೈ ಅನ್ನಪ್ಪಾ."

ಅರವತ್ತೊಂದರ ತಮ್ಮಯ್ಯ ನಗುತ್ತಾನೆ. ತಮಿಳಿನ 'ಸಾವಿ' ಅವನ ನಾಲಿಗೆಗೆ ಅಂಟಿದ್ದು ಇಲ್ಲೇ ಹುಟ್ಟಿದ್ದರಿಂದ. ಅಪ್ಪ ಕೊಳ್ಳೇಗಾಲದಿಂದ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿಗೆ ಬಂದ ಫಿಟ್ಟರು. ಮಗ ಈಗ ಹಿಡಿದಿರುವ ಅರವೂ ಅಪ್ಪನದೇ, ಹಿಡಿ ಮಾತ್ರ ಮೂರನೆಯದು.

ಒಂದು ಕಾಲಕ್ಕೆ ದಿನಕ್ಕೆ ನಲವತ್ತು ಕೀಲಿ ಕೊರೆಯುತ್ತಿದ್ದವನು. ಈಗ ಎಂಟಾದರೆ ಹೆಚ್ಚು. ಅಂಬಾಸಿಡರ್ ಕಾರಿನ ಕೀಲಿಯನ್ನು ಕಣ್ಣು ಮುಚ್ಚಿ ತಿರುಗಿಸಿದರೂ ಹಲ್ಲು ಕೂತ ಜಾಗ ಕೈಗೆ ತಿಳಿಯುತ್ತಿತ್ತಂತೆ. "ಬೀಗದಕೈ ಅಂದ್ರೆ ಕೈನೇ ಕಣಮ್ಮಾ, ಬೀಗಕ್ಕೆ ಕೈ ಕೊಟ್ಟಂಗೆ. ಈಗಿನ ವಂಡಿಗೆ ಕೈ ಎಲ್ಲದೆ? ಬರೀ ದನಿ. ಕಾರು ಕರೀತದೆ, ಕೀಲಿ ಓಗೊಡ್ತದೆ, ಬಾಗಿಲು ತೆಕ್ಕೊಳ್ತದೆ. ಕರೆದೋರು ಯಾರು ಅಂತ ಕೀಲಿ ಕೇಳಕಿಲ್ಲ."

ಆ ಪಾಠ ಅವನಿಗೆ ದುಬಾರಿಯಾಗಿಯೇ ದಕ್ಕಿದ್ದು. ಕಳೆದ ವರ್ಷ ಒಂದು ಮುಂಜಾನೆ ಶಾರದಮ್ಮನ ಕಾರು ಮಾಯ. ಗಾಜು ಒಡೆದಿಲ್ಲ, ಎರಡು ಕೀಲಿಯೂ ಮನೆಯಲ್ಲೇ ಇವೆ. ಹಾಗಾದರೆ ಮೂರನೆಯದು ಯಾರ ಬಳಿ? ಎಲ್ಲರ ಕಣ್ಣೂ ಹಸಿರು ಪೆಟ್ಟಿಗೆಯತ್ತ ತಿರುಗಿತು. ಅವನನ್ನು ಒಂದು ಹಗಲು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಪೆಟ್ಟಿಗೆಯನ್ನು ರಸ್ತೆಗೇ ಸುರಿದು ನೋಡಿದರು. ಸಿಕ್ಕಿದ್ದು ಹಲ್ಲಿಲ್ಲದ ಕೀಲಿಗಳು ಮಾತ್ರ. ಕೊರೆದದ್ದನ್ನೆಲ್ಲ ಗಿರಾಕಿಯ ಅಂಗೈಗೇ ಇಡುವುದು, ಕೆಟ್ಟ ತುಂಡನ್ನು ಅವರೆದುರೇ ಮುರಿಯುವುದು ಅಪ್ಪ ಹಾಕಿಕೊಟ್ಟ ಕ್ರಮ.

ಮೂರನೆಯ ದಿನ ಪಕ್ಕದ ಮನೆಯ ಕ್ಯಾಮೆರಾ ನಿಜ ಹೇಳಿತು. ಒಬ್ಬ ಕಾರಿನ ಬಾಗಿಲ ಬಳಿ, ಇನ್ನೊಬ್ಬ ಚೀಲವನ್ನು ಮನೆಯ ಗೋಡೆಗೆ ಒತ್ತಿ ನಿಂತಿದ್ದಾನೆ. ಗೋಡೆಯ ಒಳಮಗ್ಗುಲಲ್ಲಿ ದೇವರ ಗೂಡು. ಹೊಸ ಕಾರಿನ ಪೂಜೆಯಾದ ದಿನ ಶಾರದಮ್ಮ ಎರಡನೇ ಕೀಲಿಯನ್ನು ದೇವರ ಪಾದದಲ್ಲಿಟ್ಟು, ಅಲ್ಲೇ ಭದ್ರವೆಂದು ಬಿಟ್ಟಿದ್ದರು. ಚೀಲದೊಳಗಿನ ಯಂತ್ರ ಕಾರಿನ ಕರೆಯನ್ನು ಗೋಡೆಯಾಚೆಗೆ ಮುಟ್ಟಿಸಿತು. ಕೀಲಿ ಅಲ್ಲಿಂದಲೇ ಓಗೊಟ್ಟಿತು.

ಒಂಬತ್ತನೇ ದಿನ ಕಾರು ಸಿಕ್ಕಿತು. ತಮ್ಮಯ್ಯನಿಗೆ ಗಿರಾಕಿಗಳು ತಿರುಗಿ ಸಿಗಲು ತಿಂಗಳುಗಳೇ ಬೇಕಾದವು. ಇವತ್ತಿಗೂ ಕೆಲವರು ಕೀಲಿ ಕೊರೆಯುವಷ್ಟು ಹೊತ್ತೂ ಅವನ ಕೈಯನ್ನೇ ನೋಡುತ್ತ ನಿಲ್ಲುತ್ತಾರೆ.

ಈಗ ಅಂಥ ಕಾರುಗಳಿಗೆ ಕಾವಲು ಕಟ್ಟಿಕೊಡುವುದೂ ಅವನ ಕೆಲಸ. ಶಾರದಮ್ಮ ಮನೆಯ ಡಬ್ಬಿಗಳನ್ನೆಲ್ಲ ಹೊರಗೆ ತಂದಿದ್ದಾರೆ; ಕೀಲಿಯ ದನಿಯನ್ನು ಹೊರಬಿಡದ ಡಬ್ಬಿ ಯಾವುದೆಂದು ನೋಡಬೇಕು. ಅವನು ಒಂದೊಂದರಲ್ಲೂ ಕೀಲಿ ಹಾಕಿ ಮುಚ್ಚಿ, ಕಾರಿನ ಪಕ್ಕ ಹಿಡಿದು ಬಾಗಿಲು ಎಳೆಯುತ್ತಾನೆ. ಪ್ಲಾಸ್ಟಿಕ್ ಡಬ್ಬಿ: ಬಾಗಿಲು ತೆರೆಯಿತು. ಮುಚ್ಚಳ ಸಡಿಲಾದ ಸ್ಟೀಲ್ ಡಬ್ಬಿ: ಅದಕ್ಕೂ ತೆರೆಯಿತು. ಕೊನೆಗೆ ಶಾರದಮ್ಮನ ತಂದೆ ವಿಭೂತಿ ಇಡುತ್ತಿದ್ದ ಹಿತ್ತಾಳೆಯ ಕರಡಿಗೆ. ತಿರುಗಿಸಿ ಬಿಗಿದಾಗ ಕಾರು ಪಿಟ್ಟೆನ್ನಲಿಲ್ಲ.

"ದೇವ್ರ ಮುಂದೇನೇ ಇಡಿ ಅಮ್ಮಾ. ಬಾಯಿ ಮುಚ್ಕೊಂಡು ಇರ್ಲಿ, ಅಷ್ಟೇ."

"ಅಪ್ಪ ಇದನ್ನು ತೆರೆದರೆ ಮನೆಯೆಲ್ಲ ಘಮ್ಮನ್ನೋದು," ಎನ್ನುತ್ತ ಶಾರದಮ್ಮ ಕರಡಿಗೆಯನ್ನು ಮೂಗಿನ ಹತ್ತಿರ ತರುತ್ತಾರೆ.

ಸ್ಟೀರಿಂಗಿಗೆ ಅಡ್ಡಲಾಗಿ ಅವನು ಉಕ್ಕಿನ ಸರಳೊಂದನ್ನು ಹಾಕಿ ಬೀಗ ಜಡಿಯುತ್ತಾನೆ. ಬಾಗಿಲು ತೆರೆದರೂ ವಂಡಿ ತಿರುಗಬಾರದಲ್ಲ. ಅದಕ್ಕೆ ಹಲ್ಲಿರುವ, ಹಳೆಯ ಕಾಲದ ಎರಡು ಕೀಲಿಗಳು. ಎರಡನ್ನೂ ಶಾರದಮ್ಮನ ಅಂಗೈಗೆ ಇಡುತ್ತಾನೆ.

ಅವರು ಒಂದನ್ನು ಹಿಂದಕ್ಕೆ ಚಾಚುತ್ತಾರೆ. ಮುಖ ನೋಡುವುದಿಲ್ಲ. "ಆವತ್ತು ಠಾಣೆಯಲ್ಲಿ ನಿನ್ನ ಹೆಸರು ಹೇಳಿದ್ದು ನಾನೇ ತಮ್ಮಯ್ಯ. ಇದು ನಿನ್ನ ಹತ್ರಾನೇ ಇರಲಿ."

ತಮ್ಮಯ್ಯ ಅರವನ್ನು ಪಂಚೆಗೆ ಒರೆಸಿಕೊಳ್ಳುತ್ತಾನೆ.

"ಗೊತ್ತಿತ್ತು ಬಿಡಿ ಅಮ್ಮಾ. ಆದ್ರೆ ಇದು ಬ್ಯಾಡ. ಈ ಬೀದಿಲಿ ಅರ್ಧ ಮನೆ ಬೀಗದಕೈ ಮಾಡಿವ್ನಿ. ಒಂದೂ ನನ್ನತ್ರ ಇಲ್ಲ ಕಣಮ್ಮಾ."